ಹಳದಿ ಜ್ವರ ಸೊಳ್ಳೆಯಿಂದ ಹರಡುತ್ತದೆಂದು ಕಾರ್ಲೋಸ್ ಫಿನ್ಲೆ 1881ರಲ್ಲೇ ಹೇಳಿದ್ದರೂ ಅದು ಸಾಬೀತಾಗಲು 1900ರವರೆಗೆ ಏಕೆ ಕಾಯಬೇಕಾಯಿತು?

ಫಿನ್ಲೆ ಗುರುತಿಸಿದ್ದ ಸೊಳ್ಳೆ ಸರಿಯಾದದ್ದೇ. ತಪ್ಪಿದ್ದು ಕಾಯುವ ಅವಧಿ. ಕ್ಯೂಬಾದ ಹವಾನಾ ನಗರದ ಈ ವೈದ್ಯರು, ರೋಗಿಯನ್ನು ಕಚ್ಚಿದ ಸೊಳ್ಳೆಯಿಂದ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇನ್ನೊಬ್ಬರಿಗೆ ಕಚ್ಚಿಸುತ್ತಿದ್ದರು. ಅಷ್ಟು ಬೇಗ ವೈರಸ್ ಸೊಳ್ಳೆಯ ಹೊಟ್ಟೆಯಿಂದ ಜೊಲ್ಲುಗ್ರಂಥಿಗೆ ತಲುಪುವುದಿಲ್ಲ. ಅದಕ್ಕೆ ಸುಮಾರು 12 ದಿನ ಬೇಕು. ರೋಗಿಯ ರಕ್ತದಿಂದ ಸೊಳ್ಳೆಗೆ ಸೋಂಕು ತಗಲುವುದೂ ಜ್ವರದ ಮೊದಲ ಮೂರ್ನಾಲ್ಕು ದಿನಗಳಲ್ಲಿ ಮಾತ್ರ.

ಈ ಅಂತರದ ಸುಳಿವು ಕೊಟ್ಟವರು ಅಮೆರಿಕದ ವೈದ್ಯ ಹೆನ್ರಿ ಕಾರ್ಟರ್. 1898ರಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಹಳ್ಳಿಮನೆಗಳಲ್ಲಿ ಮೊದಲ ರೋಗಿಗೂ ನಂತರದವರಿಗೂ ನಡುವೆ ಸುಮಾರು ಎರಡು ವಾರ ಕಳೆಯುವುದನ್ನು ಅವರು ಗಮನಿಸಿದ್ದರು. ಕ್ಯೂಬಾದಲ್ಲಿ ಅಮೆರಿಕದ ಸೇನಾ ವೈದ್ಯ ವಾಲ್ಟರ್ ರೀಡ್ ಅವರ ತಂಡ ಫಿನ್ಲೆಯೇ ಕೊಟ್ಟ ಮೊಟ್ಟೆಗಳಿಂದ ಸೊಳ್ಳೆ ಸಾಕಿತು. 1900ರ ಆಗಸ್ಟ್ 27ರಂದು, 12 ದಿನ ಹಿಂದೆ ರೋಗಿಯ ರಕ್ತ ಹೀರಿದ್ದ ಸೊಳ್ಳೆಗೆ ತಂಡದ ಜೇಮ್ಸ್ ಕ್ಯಾರೊಲ್ ತೋಳೊಡ್ಡಿದರು. ಜ್ವರ ಬಂತು, ಬದುಕುಳಿದರು. ಸಹೋದ್ಯೋಗಿ ಜೆಸ್ಸಿ ಲಾಜಿಯರ್ ಉಳಿಯಲಿಲ್ಲ. ಮುಂದಿನ ಪ್ರಯೋಗದಲ್ಲಿ, ರೋಗಿಗಳ ಕೊಳಕು ಹಾಸಿಗೆಯಲ್ಲೇ ಮಲಗಿದ ಸ್ವಯಂಸೇವಕರಿಗೆ ಏನೂ ಆಗಲಿಲ್ಲ; ಅಂದರೆ ರೋಗ ಹರಡುವುದು ಕೊಳಕು ಹಾಸಿಗೆಯಿಂದಲ್ಲ, ಸೊಳ್ಳೆಯಿಂದ.