ವಾಹನ ವಿಚಾರ: ಬದಲಾಯಿಸಿದ ಮೇಲೂ ಎಂಜಿನ್‌ನಲ್ಲಿ ಉಳಿಯುವ ಹಳೆಯ ಆಯಿಲ್

ಪ್ರಶ್ನೆ: ನನ್ನ ಬಳಿ ಒಂಬತ್ತು ವರ್ಷ ಹಳೆಯ ಪೆಟ್ರೋಲ್ ಕಾರಿದೆ. ಕೆಲಸದ ನಿಮಿತ್ತ ಆಗಾಗ ಮೈಸೂರಿಗೆ ಹೋಗಿಬರುತ್ತೇನೆ. ಒಟ್ಟು 4 ಲೀಟರ್ ಹಿಡಿಯುವ ಎಂಜಿನ್‌ನಿಂದ ಕಳೆದ ಸರ್ವೀಸಿನಲ್ಲಿ ಇಳಿದದ್ದು ಸುಮಾರು 3.6 ಲೀಟರ್ ಮಾತ್ರ. ಉಳಿದ ಹಳೆಯ ಆಯಿಲ್ ಪ್ರತಿ ಸಲವೂ ಒಳಗೆ ಸೇರುತ್ತಾ ಹೋಗಿ ಎಂಜಿನ್ ಕೆಡುತ್ತದೆ, ಫ್ಲಶ್ ಮಾಡಿಸಲೇಬೇಕು, ಅಂದರೆ ದ್ರಾವಣ ಹಾಕಿ ಒಳಗೆಲ್ಲ ತೊಳೆಸಲೇಬೇಕು ಎಂದು ಗ್ಯಾರೇಜಿನವರು ಹೇಳುತ್ತಾರೆ. ಇನ್ನೊಬ್ಬ ಮೆಕ್ಯಾನಿಕ್, ಹಳೆಯ ಆಯಿಲ್ ಇಳಿಸಿದ ಮೇಲೆ ಡೀಸೆಲ್ ಸುರಿದು ಐದು ನಿಮಿಷ ಎಂಜಿನ್ ಓಡಿಸಿದರೆ ಸಾಕು ಎನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಗುತ್ತಲು ರಸ್ತೆ, ಮಂಡ್ಯ

ಉತ್ತರ: ಎರಡೂ ಬೇಡ. ಡೀಸೆಲ್ ಹಾಕಿಸುವುದಂತೂ ಖಂಡಿತ ಬೇಡ.

ಹಳೆಯ ಆಯಿಲ್ ಒಂದಿಷ್ಟು ಒಳಗೆ ಉಳಿಯುತ್ತದೆ ಎಂಬ ಮಾತು ನಿಜ. ಡ್ರೇನ್ ಬೋಲ್ಟ್ ಬಿಚ್ಚಿದಾಗ ಹೊರಬರುವುದು ಸಂಪಿನಲ್ಲಿ, ಅಂದರೆ ಎಂಜಿನ್‌ನ ತಳದ ಆಯಿಲ್ ತೊಟ್ಟಿಯಲ್ಲಿ, ನಿಂತ ಆಯಿಲ್ ಮಾತ್ರ. ಆಯಿಲ್ ಪಂಪಿನೊಳಗೆ, ಬ್ಲಾಕಿನಲ್ಲಿ ಕೊರೆದ ಸಣ್ಣ ಸಣ್ಣ ದಾರಿಗಳಲ್ಲಿ, ಎಂಜಿನ್‌ನ ಮೇಲ್ಭಾಗವಾದ ಹೆಡ್ಡಿನ ಮೇಲೆ ಕ್ಯಾಮ್‌ಶಾಫ್ಟಿನ ಸುತ್ತಲಿನ ತಗ್ಗುಗಳಲ್ಲಿ, ಆಯಿಲ್ ಕೂಲರ್ ಇದ್ದರೆ ಅದರೊಳಗೆ ನಿಂತದ್ದು ಹಾಗೆಯೇ ಉಳಿಯುತ್ತದೆ. ಡ್ರೇನ್ ಬೋಲ್ಟಿನ ರಂಧ್ರಕ್ಕಿಂತ ಸಂಪಿನ ತಳ ಸ್ವಲ್ಪ ಕೆಳಗಿದ್ದರೆ ಅಲ್ಲಿಯೂ ಒಂದಿಷ್ಟು ನಿಲ್ಲುತ್ತದೆ. ಹರಳೆಣ್ಣೆಯ ಸೀಸೆಯನ್ನು ಬೋರಲು ಹಾಕಿದರೂ ಒಳಮೈಗೆ ಎಣ್ಣೆ ಅಂಟಿಕೊಂಡೇ ಇರುವಂತೆ, ಎಂಜಿನ್‌ನ ಪ್ರತಿಯೊಂದು ಭಾಗದ ಮೈಮೇಲೂ ತೆಳುವಾದ ಪದರ ಇರುತ್ತದೆ, ಇರಲೂ ಬೇಕು. ಹೊಸ ಆಯಿಲ್ ಬೇರಿಂಗುಗಳನ್ನು ತಲುಪುವ ತನಕದ ಮೊದಲ ಕ್ಷಣಗಳಲ್ಲಿ ಅವುಗಳನ್ನು ಕಾಯುವುದು ಆ ಹಳೆಯ ಪದರವೇ. ವಾಹನ ತಯಾರಕರಿಗೂ ಇದು ಗೊತ್ತಿರುವ ವಿಷಯ. ಪೂರ್ತಿ ಒಣಗಿದ ಎಂಜಿನ್‌ಗೆ ಬೇಕಾಗುವ ಆಯಿಲಿಗಿಂತ ಸರ್ವೀಸಿನಲ್ಲಿ ಮರಳಿ ತುಂಬಬೇಕಾದ ಆಯಿಲಿನ ಅಳತೆ ಕಡಿಮೆ ಇರುವುದು ಈ ಕಾರಣಕ್ಕೆ.

ಆದರೆ ಅದು ಸೇರುತ್ತಾ ಹೋಗುತ್ತದೆ ಎಂಬುದು ತಪ್ಪು ಲೆಕ್ಕ. ನಿಮ್ಮ ಎಂಜಿನ್‌ನಲ್ಲಿ ಉಳಿಯುವುದು 400 ಮಿಲಿಲೀಟರ್, ಅಂದರೆ ಹತ್ತರಲ್ಲಿ ಒಂದು ಪಾಲು. ಮುಂದಿನ ಸಲ ಆಯಿಲ್ ಇಳಿಸುವ ಹೊತ್ತಿಗೆ ಈ 400 ಮಿಲಿಲೀಟರ್ ಹೊಸ ಆಯಿಲಿನೊಂದಿಗೆ ಸಂಪೂರ್ಣವಾಗಿ ಬೆರೆತಿರುವುದರಿಂದ ಅದರ ಹತ್ತರಲ್ಲಿ ಒಂಬತ್ತು ಪಾಲು ಹೊರಗೆ ಹೋಗಿ, 40 ಮಿಲಿಲೀಟರ್ ಮಾತ್ರ ಉಳಿಯುತ್ತದೆ. ಅದರ ಮುಂದಿನ ಸಲ 4 ಮಿಲಿಲೀಟರ್, ಆಮೇಲೆ ಅರ್ಧ ಮಿಲಿಲೀಟರಿಗೂ ಕಡಿಮೆ. ಪ್ರತಿ ಸಲ ಒಳಗೆ ನಿಲ್ಲುವುದು ಅದೇ 400 ಮಿಲಿಲೀಟರೇ ಹೊರತು ಅದು 800 ಆಗುವುದಿಲ್ಲ, 1200 ಆಗುವುದಿಲ್ಲ. ಒಂಬತ್ತು ವರ್ಷದ ಹಿಂದಿನ ಆಯಿಲ್ ನಿಮ್ಮ ಕಾರಿನಲ್ಲಿ ಲೆಕ್ಕಕ್ಕೆ ಸಿಗುವಷ್ಟು ಉಳಿದಿಲ್ಲ.

ಕೊಳೆಯ ಲೆಕ್ಕವನ್ನೂ ಹೀಗೆಯೇ ಮಾಡಬಹುದು, ಮತ್ತು ಫ್ಲಶ್ಶಿಗೆ ಹಣ ಕೊಡುವ ಮೊದಲು ಪ್ರತಿಯೊಬ್ಬ ಕಾರಿನ ಮಾಲೀಕರೂ ಇದನ್ನು ಒಮ್ಮೆ ಮಾಡಿ ನೋಡಬೇಕೆಂಬುದು ನನ್ನ ಆಸೆ. 10,000 ಕಿಲೋಮೀಟರ್ ಓಡಿದಾಗ ಆಯಿಲಿಗೆ ಸೇರುವ ಕೊಳೆಯನ್ನು 100 ಎಂದು ಇಟ್ಟುಕೊಳ್ಳಿ. ಬದಲಾಯಿಸಿದಾಗ 10 ಉಳಿಯುತ್ತದೆ, ಮುಂದಿನ ಅವಧಿಯ ಕೊನೆಗೆ 110 ಆಗುತ್ತದೆ, ಅದರಲ್ಲಿ 11 ಉಳಿದು ಆಮೇಲೆ 111 ಆಗುತ್ತದೆ, ಅಲ್ಲಿಗೆ ಏರಿಕೆ ಬಹುಪಾಲು ನಿಂತುಹೋಗುತ್ತದೆ. ಹಳೆಯ ಆಯಿಲನ್ನು ಒಂದು ಹನಿಯೂ ಬಿಡದೆ ತೆಗೆಯಲು ಸಾಧ್ಯವಾಗಿದ್ದರೆ ಈ 111ರ ಬದಲು 100 ಇರುತ್ತಿತ್ತು, ಅಷ್ಟೇ. ಆ ವ್ಯತ್ಯಾಸ ನಿಮ್ಮನ್ನು ಕಾಡುವುದಾದರೆ 10,000ದ ಬದಲು 9,000 ಕಿಲೋಮೀಟರಿಗೆ ಆಯಿಲ್ ಬದಲಾಯಿಸಿ: ಆಗ 111ರ ಹತ್ತರಲ್ಲಿ ಒಂಬತ್ತು ಪಾಲು, ಅಂದರೆ ಸರಿಯಾಗಿ 100ಕ್ಕೇ ಕೊಳೆ ನಿಲ್ಲುತ್ತದೆ. ಒಂದು ಸಾವಿರ ಕಿಲೋಮೀಟರ್ ಮುಂಚೆ ಗ್ಯಾರೇಜಿಗೆ ಹೋದರೆ, ಎಂಜಿನ್ನನ್ನು ಪೂರ್ತಿ ಖಾಲಿ ಮಾಡಿದಷ್ಟೇ ಫಲ ಸಿಗುತ್ತದೆ. ಫ್ಲಶ್ಶಿನ ಹಣವನ್ನು ಇದಕ್ಕೆ ಬಳಸಿ ಎನ್ನುವುದೇ ನನ್ನ ಸಲಹೆ.

ಈಗ ಡೀಸೆಲಿನ ವಿಷಯ. ಸೀಮೆಎಣ್ಣೆಗೂ ಇದೇ ಮಾತು ಅನ್ವಯಿಸುತ್ತದೆ. ಹಳೆಯ ಆಯಿಲ್ ಎಲ್ಲೆಲ್ಲಿ ನಿಲ್ಲುತ್ತದೆಯೋ ಅಲ್ಲೆಲ್ಲ, ಆಮೇಲೆ ಸುರಿದ ಡೀಸೆಲೂ ನಿಲ್ಲುತ್ತದೆ. ನೀವು ಹೊರಹಾಕಲು ಹೊರಟದ್ದು ಬಳಸಿದ್ದಾದರೂ ಆಯಿಲೇ ಆಗಿತ್ತು. ಅದರ ಜಾಗದಲ್ಲಿ ಉಳಿಯುವುದು ಬಹುಪಾಲು ಡೀಸೆಲ್, ಮತ್ತು ಹೊಸ ಆಯಿಲ್ ತುಂಬಿದ ಕೂಡಲೇ ಅದರೊಂದಿಗೆ ಬೆರೆತು ಅದನ್ನು ತೆಳ್ಳಗೆ ಮಾಡುತ್ತದೆ. ಓಡಿಸುವ ಆ ಐದು ನಿಮಿಷದಲ್ಲಿಯೂ ಕ್ರ್ಯಾಂಕ್‌ಶಾಫ್ಟಿನ ಬೇರಿಂಗುಗಳಿಗೆ ಬೇಕಾದ ದಪ್ಪ ಪದರವನ್ನು ಡೀಸೆಲ್ ಕೊಡಲಾರದು, ಲೋಹಕ್ಕೆ ಲೋಹ ತಾಗುವ ಅಪಾಯವಿರುತ್ತದೆ. ಡಬ್ಬಿಯಲ್ಲಿ ಬರುವ ಫ್ಲಶ್ ದ್ರಾವಣಗಳು ಇಷ್ಟು ಒರಟಲ್ಲದಿದ್ದರೂ ಅವುಗಳ ಸ್ವಲ್ಪ ಭಾಗ ಕೂಡ ಹೀಗೆಯೇ ಒಳಗುಳಿಯುತ್ತದೆ. ವರ್ಷಗಟ್ಟಲೆ ಸರ್ವೀಸ್ ತಪ್ಪಿಸಿ ಒಳಗೆ ಜಿಗುಟು ಕಟ್ಟಿದ ಎಂಜಿನ್‌ನಲ್ಲಂತೂ ಇನ್ನೊಂದು ಅಪಾಯವಿದೆ: ಒಮ್ಮೆಲೇ ಕಿತ್ತುಬಂದ ಗಟ್ಟಿ ಚೂರುಗಳು ಆಯಿಲ್ ಪಂಪಿನ ಜಾಲರಿಯನ್ನು ಮುಚ್ಚಿದರೆ ಎಂಜಿನ್‌ಗೆ ಆಯಿಲೇ ಸಿಗದಂತಾಗುತ್ತದೆ. ಅಂಥ ಎಂಜಿನ್‌ಗೆ ಒಳ್ಳೆಯ ಆಯಿಲ್ ಹಾಕಿ, ಎರಡು ಮೂರು ಸಲ ಕಡಿಮೆ ಅಂತರದಲ್ಲಿ ಫಿಲ್ಟರ್ ಸಮೇತ ಬದಲಾಯಿಸುವುದೇ ಕ್ಷೇಮ.

ಹೆಚ್ಚು ಆಯಿಲ್ ಇಳಿಯಬೇಕೆಂದರೆ ಮಾಡಬೇಕಾದದ್ದು ಸರಳವಾಗಿದೆ, ಆದರೆ ಅವಸರದ ಗ್ಯಾರೇಜುಗಳಲ್ಲಿ ತಪ್ಪಿಹೋಗುವುದೂ ಅದೇ. ಕಾರನ್ನು ಕೆಲವು ಕಿಲೋಮೀಟರ್ ಓಡಿಸಿ, ಎಂಜಿನ್ ಬೆಚ್ಚಗಿರುವಾಗಲೇ, ಸಮತಟ್ಟಾದ ಜಾಗದಲ್ಲಿ ಬೋಲ್ಟ್ ಬಿಚ್ಚಿಸಿ. ಮೊದಲು ಬೆರಳು ಗಾತ್ರದ ಧಾರೆ ಬರುತ್ತದೆ, ಆಮೇಲೆ ದಾರದಂತೆ ಸಣ್ಣಗಾಗುತ್ತದೆ, ಕೊನೆಗೆ ಹನಿಯಾಗುತ್ತದೆ. ಧಾರೆ ನಿಂತ ಕೂಡಲೇ ಬೋಲ್ಟ್ ಹಾಕಲು ಬಿಡದೆ ಹನಿಗಳು ವಿರಳವಾಗುವವರೆಗೆ ಹದಿನೈದು ಇಪ್ಪತ್ತು ನಿಮಿಷ ಕಾಯಿರಿ. ಫಿಲ್ಟರನ್ನು ಪ್ರತಿ ಸಲವೂ ಬದಲಾಯಿಸಿ, ಏಕೆಂದರೆ ಹಳೆಯ ಫಿಲ್ಟರಿನಲ್ಲಿಯೇ ಗಣನೀಯ ಪ್ರಮಾಣದ ಆಯಿಲ್ ನಿಂತಿರುತ್ತದೆ. ಉಳಿದದ್ದನ್ನು ಹೊರದೂಡಲೆಂದು ಖಾಲಿ ಎಂಜಿನ್ನನ್ನು ಸ್ಟಾರ್ಟ್ ಮಾಡಲು ಬಿಡಬೇಡಿ. ಹೊಸ ಆಯಿಲನ್ನು ಡಬ್ಬಿಯ ಲೆಕ್ಕ ನೋಡಿ ಪೂರ್ತಿ ಸುರಿಯದೆ, ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ನೋಡಿಕೊಂಡು ತುಂಬಿಸಿ. ನಿಮ್ಮ ಕಾರಿನಲ್ಲಿ 3.6 ಲೀಟರ್ ಇಳಿದ ಮೇಲೆ 4 ಲೀಟರ್ ಸುರಿದರೆ ಆಯಿಲ್ ಮೇಲಿನ ಗುರುತನ್ನು ದಾಟುತ್ತದೆ, ಅತಿಯಾದರೆ ಕ್ರ್ಯಾಂಕ್‌ಶಾಫ್ಟ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ಉಳಿದ ಹಳೆಯ ಆಯಿಲಿಗಿಂತ ಹೆಚ್ಚಾದ ಹೊಸ ಆಯಿಲಿನ ಬಗ್ಗೆಯೇ ನನಗೆ ಹೆಚ್ಚು ಆತಂಕ.

ಪ್ರಶ್ನೆ: ನನ್ನದು ಡೀಸೆಲ್ ಕಾರು. ಆಯಿಲ್ ಬದಲಾಯಿಸಿದ ಮರುದಿನ ಡಿಪ್‌ಸ್ಟಿಕ್ ತೆಗೆದು ಬಟ್ಟೆಯಲ್ಲಿ ಒರೆಸಿದರೆ ಕಪ್ಪಗಿತ್ತು. ಹಳೆಯದನ್ನು ಇಳಿಸದೆ ಮೋಸ ಮಾಡಿದ್ದಾರೆಯೇ?
– ಓದುಗರು, ಬನ್ನಿಮಂಟಪ, ಮೈಸೂರು

ಉತ್ತರ: ಬಣ್ಣವೊಂದರಿಂದಲೇ ಹಾಗೆ ತೀರ್ಮಾನಿಸಬೇಡಿ. ಡೀಸೆಲ್ ಉರಿಯುವಾಗ ಹುಟ್ಟುವ ಮಸಿಯನ್ನು ಒಂದೆಡೆ ಗಂಟುಕಟ್ಟಲು ಬಿಡದೆ ತನ್ನೊಳಗೆ ಹರಡಿ ಹಿಡಿದಿಟ್ಟುಕೊಳ್ಳುವುದು ಆಯಿಲಿನ ಕೆಲಸಗಳಲ್ಲಿ ಒಂದು. ಉಳಿದ ಹತ್ತನೇ ಒಂದು ಪಾಲು ಹಳೆಯ ಆಯಿಲಿನಲ್ಲಿರುವ ಮಸಿಯೇ ಹೊಸದನ್ನು ಕಪ್ಪಾಗಿಸಲು ಸಾಕು, ಆದ್ದರಿಂದ ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ಕೆಲವೇ ನಿಮಿಷಗಳಲ್ಲಿ ಬಣ್ಣ ತಿರುಗುತ್ತದೆ. ಅನುಮಾನವಿದ್ದರೆ ಮುಂದಿನ ಸಲ ಜೊತೆಯಲ್ಲಿ ನಿಂತು, ಸೀಲ್ ಒಡೆಯದ ಡಬ್ಬಿಯನ್ನು ನಿಮ್ಮೆದುರೇ ತೆರೆಯಲು ಹೇಳಿ. ಬಿಚ್ಚಿದ ಹಳೆಯ ಫಿಲ್ಟರನ್ನೂ ಕೇಳಿ ನೋಡಿ. ಉಳಿದದ್ದು ಮಿನರಲ್, ಹೊಸದು ಸಿಂಥೆಟಿಕ್ ಎಂದೂ ನೀವು ಬರೆದಿದ್ದೀರಿ. ಅವು ಒಂದರೊಡನೊಂದು ಬೆರೆಯುತ್ತವೆ, ತೊಂದರೆಯಿಲ್ಲ. ಬಿಎಸ್-6 ಡೀಸೆಲ್ ಕಾರಾಗಿದ್ದರೆ ಮಾತ್ರ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸಿ, ಹೊಗೆಯ ಕೊಳವೆಯಲ್ಲಿರುವ ಮಸಿ ಸೋಸುವ ಫಿಲ್ಟರಿಗೆ ಬೇರೆ ಆಯಿಲಿನ ಬೂದಿ ಹಾನಿಕರ.

ಪ್ರಶ್ನೆ: ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಹೋಗಿ, ಎಂಜಿನ್ ತಂಪಾಗಿಸುವ ಕೂಲೆಂಟ್ ಆಯಿಲಿಗೆ ಸೇರಿತ್ತು. ರಿಪೇರಿ ಮಾಡಿಸಿ ಹೊಸ ಆಯಿಲ್ ಹಾಕಿಸಿದ್ದೇನೆ. ಒಳಗೆ ಉಳಿದದ್ದನ್ನು ಹಾಗೆಯೇ ಬಿಡಬಹುದೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಬಿಡಬಾರದು. ಮೇಲೆ ಹೇಳಿದ ನಿಶ್ಚಿಂತೆ ಸಹಜವಾಗಿ ಹಳತಾದ ಆಯಿಲಿಗೆ ಮಾತ್ರ ಸಲ್ಲುತ್ತದೆ. ಕೂಲೆಂಟಿನಲ್ಲಿರುವ ಗ್ಲೈಕಾಲ್ ಆಯಿಲಿನೊಂದಿಗೆ ಸೇರಿ ಜಿಗುಟು ಕಟ್ಟುತ್ತದೆ, ಬೇರಿಂಗುಗಳನ್ನು ತಿನ್ನುತ್ತದೆ. ಇಲ್ಲಿ ಹತ್ತನೇ ಒಂದು ಪಾಲು ಕೂಡ ಹೆಚ್ಚೇ. ಕೈಪಿಡಿಯಲ್ಲಿ ಹೇಳಿದ ದರ್ಜೆಯದೇ ಆದ, ಆದರೆ ದುಬಾರಿಯಲ್ಲದ ಆಯಿಲ್ ಹಾಕಿಸಿ, ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ, ಫಿಲ್ಟರ್ ಸಮೇತ ಬದಲಾಯಿಸಿ, ಹೀಗೆ ಇನ್ನೂ ಎರಡು ಸಲ ಮಾಡಿ. ಈಗ ಹತ್ತನೇ ಒಂದು ಪಾಲು ಇರುವುದು ನೂರನೇ ಒಂದಕ್ಕೆ, ಆಮೇಲೆ ಸಾವಿರದಲ್ಲಿ ಒಂದಕ್ಕೆ ಇಳಿಯುತ್ತದೆ. ಆಯಿಲ್ ಮುಚ್ಚಳದ ಒಳಬದಿಯಲ್ಲಿ ಹಾಲಿನ ಕೆನೆಯ ಬಣ್ಣದ ಲೇಪ ಕಂಡರೆ ಒರೆಸಿ ತೆಗೆದು, ಪ್ರತಿದಿನ ಬೆಳಿಗ್ಗೆ ಡಿಪ್‌ಸ್ಟಿಕ್ಕನ್ನೂ ಕೂಲೆಂಟ್ ಮಟ್ಟವನ್ನೂ ನೋಡುತ್ತಿರಿ. ಲೇಪ ಮತ್ತೆ ಕಟ್ಟಿ, ಕೂಲೆಂಟ್ ಕೂಡ ಇಳಿಯುತ್ತಿದ್ದರೆ ಅದು ಉಳಿದ ಹಳೆಯ ಆಯಿಲಿನ ದೋಷವಲ್ಲ, ಸೋರಿಕೆ ಇನ್ನೂ ನಿಂತಿಲ್ಲ. ಕಾರನ್ನು ಓಡಿಸದೆ ಹೆಡ್ಡನ್ನು ಮತ್ತೆ ಬಿಚ್ಚಿಸಿ ಪರೀಕ್ಷೆ ಮಾಡಿಸಿ.