ಒಂದು ವೋಲ್ಟ್ ಸಪ್ಲೈನಲ್ಲಿ ಅರ್ಧದಾರಿಗೇ ನಿಲ್ಲುವ ಬ್ಯಾಂಡ್‌ಗ್ಯಾಪ್

ಪ್ರಶ್ನೆ: 65 ನ್ಯಾನೊಮೀಟರ್ ತಂತ್ರಜ್ಞಾನದಲ್ಲಿ, 1 ವೋಲ್ಟ್ ಸಪ್ಲೈನಿಂದ 600 ಮಿಲಿವೋಲ್ಟ್ ಕೊಡುವ ಬ್ಯಾಂಡ್‌ಗ್ಯಾಪ್ ರೆಫರೆನ್ಸ್ ಸರ್ಕ್ಯೂಟ್ (ತಾಪಮಾನ ಬದಲಾದರೂ ಸ್ಥಿರ ವೋಲ್ಟೇಜ್ ಕೊಡುವಂಥದು) ವಿನ್ಯಾಸ ಮಾಡುತ್ತಿದ್ದೇನೆ. ಮಾಂಟೆ ಕಾರ್ಲೊ ಸಿಮ್ಯುಲೇಷನ್‌ನಲ್ಲಿ (ಬಿಡಿಭಾಗಗಳ ಸಣ್ಣ ವ್ಯತ್ಯಾಸಗಳನ್ನು ಯಾದೃಚ್ಛಿಕವಾಗಿ ಬದಲಿಸಿ ನೋಡುವ ಪರೀಕ್ಷೆ) ಕೆಲವು ಸಲ ಔಟ್‌ಪುಟ್ 200 ಮಿಲಿವೋಲ್ಟ್‌ನ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಆರಂಭದಲ್ಲಿ ಚಾಲನೆ ಕೊಡುವ ಸ್ಟಾರ್ಟ್‌ಅಪ್ ಸರ್ಕ್ಯೂಟ್ ಇದೆ. ಔಟ್‌ಪುಟ್ 200 ಮಿಲಿವೋಲ್ಟ್ ಮುಟ್ಟಿದೊಡನೆ ಅದು ಆಫ್ ಆಗುತ್ತದೆ. ತಪ್ಪು ಎಲ್ಲಿದೆ?
– ಎಂ.ಟೆಕ್. ವಿದ್ಯಾರ್ಥಿನಿ, ಮಂಡ್ಯ

ಉತ್ತರ: ನೀವು ಕೊಟ್ಟಿರುವ 200 ಎಂಬ ಅಂಕೆಯಲ್ಲೇ ಉತ್ತರದ ಸುಳಿವಿದೆ. ಸಾಂಪ್ರದಾಯಿಕ ಬ್ಯಾಂಡ್‌ಗ್ಯಾಪ್ ಸರ್ಕ್ಯೂಟ್ ಸುಮಾರು 1.2 ವೋಲ್ಟ್ ಕೊಡುತ್ತದೆಯಾದ್ದರಿಂದ 1 ವೋಲ್ಟ್ ಸಪ್ಲೈನಲ್ಲಿ ಅದಕ್ಕೆ ಜಾಗವೇ ಇಲ್ಲ. ಬಾನ್ಬಾ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ವೋಲ್ಟೇಜ್‌ಗಳ ಬದಲು ಕರೆಂಟ್‌ಗಳನ್ನು ಕೂಡಿಸಿ, ಆ ಮೊತ್ತವನ್ನು ಒಂದು ರೆಸಿಸ್ಟರ್ ಮೂಲಕ ಹರಿಸಿ, 1.2 ವೋಲ್ಟ್‌ನ ಬೇಕಾದಷ್ಟು ಭಾಗವನ್ನು ಪಡೆಯುತ್ತಾರೆ. ನಿಮ್ಮದೂ ಅದೇ ಬಗೆಯದೆಂದು ಭಾವಿಸಿ ಉತ್ತರಿಸುತ್ತಿದ್ದೇನೆ.

ಇದರಲ್ಲಿ ಒಂದು ಸಣ್ಣ, ಒಂದು ದೊಡ್ಡ ಡಯೋಡ್ ಇದ್ದು, ಅವುಗಳಿಗೆ ಸಮಾನಾಂತರವಾಗಿ ಎರಡು ಸಮನಾದ ರೆಸಿಸ್ಟರ್‌ಗಳಿರುತ್ತವೆ. ಔಟ್‌ಪುಟ್ 200 ಮಿಲಿವೋಲ್ಟ್ ಇರುವಾಗ, 600ಕ್ಕೆ ಹೊಂದಿಸಿದ ಅನುಪಾತದ ಪ್ರಕಾರ, ಡಯೋಡ್‌ನ ಮೇಲಿರುವುದು ಸುಮಾರು 400 ಮಿಲಿವೋಲ್ಟ್ ಮಾತ್ರ. ಅಷ್ಟಕ್ಕೆ ಡಯೋಡ್ ಆನ್ ಆಗುವುದಿಲ್ಲ. ಕರೆಂಟ್ ಎಲ್ಲವೂ ರೆಸಿಸ್ಟರ್‌ಗಳಲ್ಲೇ ಹರಿಯುತ್ತದೆ. ಎರಡೂ ಬದಿ ಸಮನಾಗಿರುವುದರಿಂದ, ಆ ಬದಿಗಳ ವೋಲ್ಟೇಜನ್ನು ಹೋಲಿಸಿ ಸಮಗೊಳಿಸುವ ಆಪ್‌ಆಂಪ್‌ಗೆ ತಿದ್ದಬೇಕಾದ ವ್ಯತ್ಯಾಸವೇ ಕಾಣುವುದಿಲ್ಲ. ಆಗ ಮುಂದೇನಾಗಬೇಕೆಂದು ನಿರ್ಧರಿಸುವುದು ಆಪ್‌ಆಂಪ್‌ನ ಆಫ್‌ಸೆಟ್, ಅಂದರೆ ಅದರ ಎರಡು ಇನ್‌ಪುಟ್‌ಗಳ ನಡುವಿನ ಅಲ್ಪ ಅಸಮತೆ: ಒಂದು ಚಿಹ್ನೆಯಾದರೆ ಸರ್ಕ್ಯೂಟ್ ಮೇಲೇರುತ್ತದೆ, ವಿರುದ್ಧ ಚಿಹ್ನೆಯಾದರೆ ಕೆಳಗೆ ಜಗ್ಗುತ್ತದೆ. ಸ್ಟಾರ್ಟ್‌ಅಪ್ ಮೇಲಕ್ಕೆ ನೂಕುತ್ತಾ ತನ್ನ ಮಿತಿಯಲ್ಲೇ ನಿಂತುಬಿಡುತ್ತದೆ. ಮಾಂಟೆ ಕಾರ್ಲೊದಲ್ಲಿ ಮಾತ್ರ ದೋಷ ಕಾಣುವುದಕ್ಕೆ ಇದೇ ಕಾರಣ.

ಮಿತಿಯನ್ನು ಏರಿಸಿದರೆ ಸಾಕೆಂದು ಮೊದಲು ತೋರುತ್ತದೆ. ನನಗೂ ಹಾಗೆಯೇ ತೋರಿತ್ತು. ಆದರೆ ಡಯೋಡ್ ವೋಲ್ಟೇಜ್ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುವುದರಿಂದ, 27 ಡಿಗ್ರಿಯಲ್ಲಿ 0.65 ವೋಲ್ಟ್ ಇದ್ದದ್ದು 125 ಡಿಗ್ರಿಯಲ್ಲಿ 0.45ಕ್ಕೆ ಬರುತ್ತದೆ, ಮೈನಸ್ 40ರಲ್ಲಿ 0.78ಕ್ಕೆ ಏರುತ್ತದೆ. ಈ ಇಡೀ ವ್ಯಾಪ್ತಿಗೆ ಹೊಂದುವ ಒಂದೇ ಮಿತಿ ಸಿಗುವುದು ಕಷ್ಟ. ಆದ್ದರಿಂದ ಔಟ್‌ಪುಟ್ ನೋಡುವುದನ್ನು ಬಿಟ್ಟು, ದೊಡ್ಡ ಡಯೋಡ್‌ನ ಜೊತೆ ಸರಣಿಯಲ್ಲಿರುವ ರೆಸಿಸ್ಟರ್‌ನ ಮೇಲಿನ ವೋಲ್ಟೇಜನ್ನು ನೋಡಿ ಎನ್ನುತ್ತೇನೆ. ಡಯೋಡ್‌ಗಳ ಗಾತ್ರದ ಅನುಪಾತ 8 ಆದರೆ ಅದು 27 ಡಿಗ್ರಿಯಲ್ಲಿ ಸುಮಾರು 54, ಮೈನಸ್ 40ರಲ್ಲಿ 42, 125ರಲ್ಲಿ 71 ಮಿಲಿವೋಲ್ಟ್. ಸಿಕ್ಕಿಹಾಕಿಕೊಂಡ ಸ್ಥಿತಿಯಲ್ಲಾದರೋ ಹೆಚ್ಚುಕಡಿಮೆ ಸೊನ್ನೆ. ಬೇಕೆಂದೇ 20 ಮಿಲಿವೋಲ್ಟ್ ಆಫ್‌ಸೆಟ್ ಇಟ್ಟ ಸಣ್ಣ ಕಂಪ್ಯಾರೇಟರ್ (ಎರಡು ವೋಲ್ಟೇಜ್‌ಗಳನ್ನು ಹೋಲಿಸುವ ಸರ್ಕ್ಯೂಟ್) ಎರಡು ಸ್ಥಿತಿಗಳನ್ನೂ ಎಲ್ಲ ತಾಪಮಾನದಲ್ಲಿ ಬೇರ್ಪಡಿಸುತ್ತದೆ.

ನೀವು ಕೇಳದಿದ್ದರೂ ಇನ್ನೊಂದು ಮಾತು: ಮೈನಸ್ 40ರಲ್ಲಿ 0.78 ವೋಲ್ಟ್‌ನ ಮೇಲೆ ಕರೆಂಟ್ ಮಿರರ್‌ಗೆ (ಒಂದು ಕವಲಿನ ಕರೆಂಟನ್ನು ಇನ್ನೊಂದಕ್ಕೆ ನಕಲಿಸುವ ಸರ್ಕ್ಯೂಟ್) 0.1 ವೋಲ್ಟ್ ಬಿಟ್ಟರೆ, ಸಪ್ಲೈ ಶೇ 10 ಇಳಿದಾಗ ಉಳಿಯುವುದು 20 ಮಿಲಿವೋಲ್ಟ್ ಅಷ್ಟೇ. ಡಯೋಡ್‌ನ ಕರೆಂಟನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದರೆ ಆ ತಾಪಮಾನದಲ್ಲಿ ಸುಮಾರು 46 ಮಿಲಿವೋಲ್ಟ್ ಉಳಿತಾಯವಾಗುತ್ತದೆ. ಧನುರ್ಮಾಸದ ನಸುಕಿನಲ್ಲೂ ಮೈಸೂರಿನ ನಮ್ಮ ಪರೀಕ್ಷಾ ಮೇಜು ಇಂಥ ಚಳಿಯನ್ನು ಕಾಣುವುದಿಲ್ಲ, ಹಾಗಾಗಿ ಬೋರ್ಡ್ ಮೇಲೆ ಚಿಪ್ ಚೆನ್ನಾಗಿ ನಡೆಯಿತೆಂದು ಸಮಾಧಾನಪಡಬೇಡಿ. ಈ ಮೂರೂ ತಾಪಮಾನಗಳಲ್ಲಿ, ಸಪ್ಲೈಯನ್ನು 1 ಮೈಕ್ರೊಸೆಕೆಂಡ್‌ನಿಂದ 100 ಮಿಲಿಸೆಕೆಂಡ್‌ವರೆಗಿನ ಬೇರೆ ಬೇರೆ ವೇಗಗಳಲ್ಲಿ ಏರಿಸಿ, ಆಫ್‌ಸೆಟ್‌ನ ಎರಡೂ ಚಿಹ್ನೆಗಳನ್ನು ಕೈಯಾರೆ ಹಾಕಿ ಮತ್ತೆ ನೋಡಿ.