ಎರಡು ಕಡೆ ಬ್ಯಾಕಪ್ ಇದ್ರೂ ಫೈಲ್ ತೆರೀತಿಲ್ಲ, ಏನ್ಮಾಡ್ಲಿ?

ಪ್ರಶ್ನೆ: ಸರ್, ಮಂಡ್ಯದಲ್ಲಿ ಚಿಕ್ಕದೊಂದು ಫೋಟೋ ಸ್ಟುಡಿಯೋ ಇಟ್ಕೊಂಡಿದೀನಿ. ಮದುವೆ ಫೋಟೋಗಳ್ನೆಲ್ಲ ಜಿಪ್ ಮಾಡಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಹಾಕಿ, ಅದ್ರಿಂದ ಇನ್ನೊಂದು ಡಿಸ್ಕ್‌ಗೂ ಕಾಪಿ ಮಾಡ್ತೀನಿ. ಮೊನ್ನೆ ಒಬ್ರು ಇನ್ನೊಂದು ಆಲ್ಬಮ್ ಬೇಕು ಅಂತ ಬಂದ್ರು, ತೆಗೆದ್ರೆ ಸಿಆರ್‌ಸಿ ಎರರ್ (ಫೈಲ್ ಒಳಗಿನ ಡೇಟಾ ಕೆಟ್ಟಿದೆ ಅನ್ನೋ ಸಂದೇಶ), ಎರಡ್ರಲ್ಲೂ ಅದೇ. ಯಾಕ್ ಹಿಂಗಾಯ್ತು?

ಉತ್ತರ: ಮೊದ್ಲು ಆ ಎರಡೂ ಡಿಸ್ಕ್‌ಗೆ ಹೊಸದೇನೂ ಹಾಕ್ಬೇಡಿ, ರಿಪೇರಿ ಅಂತ ವಿಂಡೋಸ್‌ನ ಡಿಸ್ಕ್ ಸರಿಮಾಡೋ ಚೆಕ್‌ಡಿಸ್ಕ್ ಓಡಿಸ್ಲೂಬೇಡಿ. ಜಿಪ್‌ನ ಕಂಪ್ಯೂಟರ್‌ಗೆ ತಗೊಂಡು ವಿನ್‌ರಾರ್‌ನಲ್ಲಿ ಕೀಪ್ ಬ್ರೋಕನ್ ಫೈಲ್ಸ್ ಟಿಕ್ ಮಾಡಿ ಎಕ್ಸ್‌ಟ್ರ್ಯಾಕ್ಟ್ ಕೊಡಿ. ಜಿಪ್ ಒಳಗೆ ಒಂದೊಂದು ಫೋಟೋನೂ ಬೇರೆಬೇರೆಯಾಗೇ ಕಂಪ್ರೆಸ್ ಆಗಿರುತ್ತೆ, ಹಂಗಾಗಿ ಪೆಟ್ಟು ಬಿದ್ದಿರೋವು ಬಿಟ್ಟು ಮಿಕ್ಕಿದ್ದು ಸಾಮಾನ್ಯವಾಗಿ ಬಂದ್ಬಿಡುತ್ತೆ. ಕೆಟ್ಟಿರೋದು ಗೊತ್ತಾಗುತ್ತೆ, ಮೇಲ್ಗಡೆ ಬಾಸಿಂಗ ಮುಖ ಎಲ್ಲ ಸರಿಯಾಗಿದ್ದು ಕೆಳಗಡೆ ಅರ್ಧ ಬರೀ ಬೂದು ಬಣ್ಣ ಬಳ್ದಂಗಿರುತ್ತೆ.

ಎರಡ್ರಲ್ಲೂ ಯಾಕೆ ಅಂದ್ರೆ, ಬಹುಶಃ ಮೊದಲ್ನೇ ಡಿಸ್ಕ್‌ನಲ್ಲೇ ಕೆಟ್ಟಿದ್ದ ಜಿಪ್‌ನೇ ನೀವು ಎರಡನೇದಕ್ಕೆ ಕಾಪಿ ಮಾಡಿದೀರ. ಕಾಪಿ ಮಾಡುವಾಗ ಒಳಗಿರೋ ಫೋಟೋ ನೆಟ್ಟಗಿದ್ಯಾ ಅಂತ ವಿಂಡೋಸ್ ನೋಡಲ್ಲ. ಬರೀತಿರುವಾಗ ಕರೆಂಟ್ ಹೋಗೋದು, ಸೇಫ್ಲಿ ರಿಮೂವ್ ಕೊಡ್ದೆ ಕೇಬಲ್ ಕೀಳೋದು, ರ‍್ಯಾಮ್ ಕೆಟ್ಟಿರೋದು, ಕಾರಣ ಯಾವ್ದಾದ್ರೂ ಆಗ್ಬೋದು, ಡಿಸ್ಕ್‌ನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಆಗಿದ್ರಂತೂ ಅದ್ರಲ್ಲಿ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ತರ ಜರ್ನಲ್ (ಮಾಡ್ತಿರೋ ಬದಲಾವಣೆನ ಬರೆದಿಡೋ ಲೆಕ್ಕ) ಇಲ್ಲ, ಅರ್ಧಕ್ಕೆ ನಿಂತ್ರೆ ಫೋಲ್ಡರೇ ಎಡವಟ್ಟಾಗ್ಬೋದು.

ಇನ್ಮೇಲೆ ಜಿಪ್ ಬೇಡ. ಜೆಪೆಗ್ ಮೊದ್ಲೇ ಕಂಪ್ರೆಸ್ ಆಗಿರುತ್ತೆ, ಜಾಗ ಏನೂ ಉಳಿಯಲ್ಲ. ಒಂದೇ ಫೈಲ್ ಆಗ್ಬೇಕು ಅಂದ್ರೆ ವಿನ್‌ರಾರ್‌ನಲ್ಲಿ ರಾರ್ ಮಾಡಿ, ಮಾಡುವಾಗ್ಲೇ ಆಡ್ ರಿಕವರಿ ರೆಕಾರ್ಡ್ ಟಿಕ್ ಮಾಡಿ ಶೇಕಡ 5 ಕೊಡಿ, ಮುಂದೆ ಸ್ವಲ್ಪ ಕೆಟ್ರೂ ಅದ್ರಿಂದ್ಲೇ ರಿಪೇರಿ ಆಗುತ್ತೆ, ಜಿಪ್‌ಗೆ ಈ ಸವಲತ್ತಿಲ್ಲ. ಫೋಲ್ಡರ್ ಹಂಗೇ ಇಡೋದಾದ್ರೆ ಮಲ್ಟಿಪಾರ್ ಅನ್ನೋ ಫ್ರೀ ಸಾಫ್ಟ್‌ವೇರ್ ಅದೇ ಕೆಲ್ಸ ಮಾಡುತ್ತೆ.

ನಾನು ಒತ್ತಿ ಹೇಳೋದು ಚೆಕ್‌ಸಮ್ (ಫೈಲ್‌ನ ಬೆರಳಚ್ಚಿನಂಥ ನಂಬರ್) ಬಗ್ಗೆ, ಯಾಕಂದ್ರೆ ಇದನ್ನ ಯಾರೂ ಮಾಡಲ್ಲ. ಕಾರ್ಡಿಂದ ಇಳಿಸಿದ ದಿನವೇ ಫೋಟೋ ತೆಗ್ದು ನೋಡಿ, 7-ಜಿಪ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕಿದ್ರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಎಸ್‌ಎಚ್‌ಎ-256 ಅಂತ ಸಿಗುತ್ತೆ, 64 ಅಕ್ಷರದ ಒಂದು ನಂಬರ್ ಕೊಡುತ್ತೆ, ಫೈಲ್‌ನಲ್ಲಿ ಒಂದೇ ಒಂದು ಬಿಟ್ ಬದ್ಲಾದ್ರೂ ಈ ನಂಬರ್ ಪೂರ್ತಿ ಬೇರೆ ಆಗೋಗುತ್ತೆ. ಅದನ್ನ ಸೇವ್ ಮಾಡಿಟ್ಟು, ಕಾಪಿ ಆದ್ಮೇಲೆ ಎರಡನೇ ಡಿಸ್ಕ್‌ನಲ್ಲೂ ತೆಗ್ದು ತಾಳೆ ನೋಡಿ, ಆಮೇಲಷ್ಟೇ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಿ. ಮೂರ್ನಾಲ್ಕು ತಿಂಗ್ಳಿಗೊಮ್ಮೆ ಮತ್ತೆ ತಾಳೆ ನೋಡ್ತಿರಿ, ಒಂದು ಕೆಟ್ಟಿದ್ರೆ ಇನ್ನೊಂದು ಚೆನ್ನಾಗಿರುವಾಗ್ಲೇ ಗೊತ್ತಾಗುತ್ತೆ.

ಎರಡೂ ಡಿಸ್ಕ್ ಸ್ಟುಡಿಯೋದಲ್ಲೇ ಇಡ್ಬೇಡಿ, ಒಂದನ್ನ ಮೈಸೂರಲ್ಲಿ ನಂಟರ ಮನೇಲಿಡಿ. ಈಗ ಬಂದಿರೋ ಗಿರಾಕಿ ಹತ್ರ ನೀವು ಕೊಟ್ಟ ಪೆನ್‌ಡ್ರೈವ್ ಇದ್ರೆ ಅದನ್ನೂ ಕೇಳಿ ನೋಡಿ.